ಪ್ಯಾನೆಲ್ ಚೀಟಿಯಲ್ಲಿ 22 ವೋಲ್ಟ್, ಕಂಟ್ರೋಲರ್‌ನಲ್ಲಿ 13: ತಪ್ಪು ಎಲ್ಲಿದೆ?

ಸೋಲಾರ್ ಪ್ಯಾನೆಲ್ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ 22 ವೋಲ್ಟ್ ಎಂದಿದೆ. ಮಟಮಟ ಮಧ್ಯಾಹ್ನ, ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲರ್‌ಗೆ ಮೀಟರ್ ಹಿಡಿದರೆ 13.2 ತೋರಿಸುತ್ತದೆ. ಪ್ಯಾನೆಲ್ ವೀಕ್ ಆಗಿದೆ ಎಂದು ತೀರ್ಮಾನವಾಗುತ್ತದೆ, ಹೊಸದು ಬರುತ್ತದೆ, ಅದೂ 13.2 ತೋರಿಸುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ದಿನಗಟ್ಟಲೆ ಹೋಗುವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮಾಡಿನ ಮೇಲೆ ಒಂದೆರಡು ಪ್ಯಾನೆಲ್ ಹಾಕಿಕೊಂಡ ಮನೆಗಳು ಬಹಳ. ಅಲ್ಲೆಲ್ಲ ಈ ಗೊಂದಲ ತಪ್ಪಿದ್ದಲ್ಲ. ಹೆಚ್ಚಿನ ಸಲ ಹಳೆ ಪ್ಯಾನೆಲ್‌ನದೂ ತಪ್ಪಿರುವುದಿಲ್ಲ, ಹೊಸದರದ್ದೂ ಇರುವುದಿಲ್ಲ. 13.2 ಎಂಬುದು ಆ ಹೊತ್ತಿನಲ್ಲಿ ಅಲ್ಲಿ ಬರಬೇಕಾದ ಅಂಕಿಯೇ.

ಪ್ಯಾನೆಲ್ ವೋಲ್ಟೇಜ್ ಒಂದೇ ಅಂಕಿಯಲ್ಲ. ಯಾವುದಕ್ಕೂ ಜೋಡಿಸದೆ ಬಿಟ್ಟಾಗ ಒಂದು, ಬ್ಯಾಟರಿಗೆ ಕರೆಂಟ್ ಹರಿಯುತ್ತಿರುವಾಗ ಇನ್ನೊಂದು, ಬ್ಯಾಟರಿ ತುಂಬಿದ ಮೇಲೆ ಮತ್ತೊಂದು. ಯಾವ ಸ್ಥಿತಿಯಲ್ಲಿ, ವಯರಿನ ಯಾವ ತುದಿಯಲ್ಲಿ ಅಳೆದದ್ದು ಎಂದು ಹೇಳದೆ ಬರೀ "ಇಷ್ಟು ವೋಲ್ಟ್ ಬರ್ತಾ ಇದೆ" ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಇಲ್ಲಿ ಹೇಳುವುದೆಲ್ಲ ಒಂದೆರಡು ಪ್ಯಾನೆಲ್, 12 ಅಥವಾ 24 ವೋಲ್ಟಿನ ಬ್ಯಾಟರಿ, ನಡುವೆ ಒಂದು ಚಾರ್ಜ್ ಕಂಟ್ರೋಲರ್ ಇರುವ ವ್ಯವಸ್ಥೆಗೆ. ಹೆಸ್ಕಾಂ ಲೈನಿಗೆ ಕರೆಂಟ್ ಕೊಡುವ ದೊಡ್ಡ ರೂಫ್‌ಟಾಪ್‌ಗಳಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ. ಅದಕ್ಕೆ ಕೈ ಹಾಕಬೇಡಿ.

ಚೀಟಿಯ ಅಂಕಿ ಬೇರೆ, ಮಾಡಿನ ಮೇಲಿನ ಅಂಕಿ ಬೇರೆ

ಚೀಟಿಯಲ್ಲಿ ನಾಲ್ಕು ಅಂಕಿ ಮುಖ್ಯ. ವಿಓಸಿ ಎಂದರೆ ಏನನ್ನೂ ಜೋಡಿಸದಾಗಿನ ಓಪನ್ ವೋಲ್ಟೇಜ್. ವಿಎಂಪಿ ಎಂದರೆ ಅತಿ ಹೆಚ್ಚು ವ್ಯಾಟ್ ಕೊಡುವಾಗಿನ ವೋಲ್ಟೇಜ್, ಐಎಂಪಿ ಆಗಿನ ಕರೆಂಟ್. ಐಎಸ್‌ಸಿ ಎಂದರೆ ಎರಡು ತುದಿ ಶಾರ್ಟ್ ಮಾಡಿದಾಗ ಹರಿಯುವ ಕರೆಂಟ್. '12 ವೋಲ್ಟ್ ಪ್ಯಾನೆಲ್' ಎಂದು ಮಾರುವುದು 36 ಸೆಲ್‌ನದ್ದು. ಅದರ ಓಪನ್ ವೋಲ್ಟೇಜ್ 21ರಿಂದ 22.5, ವಿಎಂಪಿ 18ರ ಆಸುಪಾಸು. 72 ಸೆಲ್‌ನ '24 ವೋಲ್ಟ್ ಪ್ಯಾನೆಲ್'ಗೆ ಓಪನ್ 45, ವಿಎಂಪಿ 37. ಈಗ ಬರುವ 540 ವ್ಯಾಟಿನ 144 ಅರ್ಧ ಸೆಲ್‌ಗಳ ದೊಡ್ಡ ಪ್ಯಾನೆಲ್‌ಗೆ ಓಪನ್ 49.5ರ ಹತ್ತಿರ.

ಈ ಅಂಕಿಗಳೆಲ್ಲ ಫ್ಯಾಕ್ಟರಿಯಲ್ಲಿ ಸೆಲ್ 25 ಡಿಗ್ರಿ ಇರುವಾಗ, ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿಟ್ಟು ಅಳೆದವು. ಏಪ್ರಿಲ್ ಮಧ್ಯಾಹ್ನ ಕುಮಟಾದ ಹಂಚಿನ ಮಾಡಿನ ಮೇಲೆ ಸೆಲ್ 60 ಡಿಗ್ರಿ ದಾಟುತ್ತದೆ. ಒಂದೊಂದು ಡಿಗ್ರಿ ಏರಿದಂತೆ ಓಪನ್ ವೋಲ್ಟೇಜ್ ಸುಮಾರು ಶೇ 0.3ರಷ್ಟು ಇಳಿಯುತ್ತದೆ. 35 ಡಿಗ್ರಿ ಹೆಚ್ಚಾದರೆ ಶೇ 10.5 ಹೋಯಿತು, 22 ವೋಲ್ಟ್ ಇದ್ದದ್ದು 19.7ಕ್ಕೆ ಬಂತು. ವಿಎಂಪಿ ಇನ್ನೂ ಸ್ವಲ್ಪ ಜೋರಾಗಿ ಇಳಿದು 18ರಿಂದ 15.5ರ ಹತ್ತಿರ ಬರುತ್ತದೆ. ಆದ್ದರಿಂದ ಬಿಸಿಲಲ್ಲಿ ಕಾದ ಪ್ಯಾನೆಲ್ 19.7 ತೋರಿಸಿದರೆ ಅದು ಆರೋಗ್ಯವಾಗಿದೆ.

ಬೆಳಕಿನ ಲೆಕ್ಕ ಇನ್ನೂ ವಿಚಿತ್ರ. ಬೆಳಕು ಐದನೇ ಒಂದು ಭಾಗಕ್ಕೆ ಇಳಿದರೂ ಓಪನ್ ವೋಲ್ಟೇಜ್ ಇಳಿಯುವುದು ಒಂದೂವರೆ ವೋಲ್ಟಿನಷ್ಟೇ. ಮೋಡದ ದಿನ ಪ್ಯಾನೆಲ್ ತಣ್ಣಗಿರುವುದರಿಂದ ಅದರಲ್ಲೂ ಸ್ವಲ್ಪ ವಾಪಸ್ ಬರುತ್ತದೆ. ಹಾಗಾಗಿ ಜುಲೈಯ ಕಪ್ಪು ಮೋಡದಡಿ ಮೀಟರ್ 20 ತೋರಿಸಿ, ಏಪ್ರಿಲ್ ಬಿಸಿಲಿನಲ್ಲಿ 19.7 ತೋರಿಸಬಹುದು. ಕರೆಂಟ್ ಮಾತ್ರ ಬೆಳಕು ಕಡಿಮೆಯಾದಷ್ಟೂ ಕಡಿಮೆ: ಬಿಸಿಲಲ್ಲಿ 5.5 ಆಂಪಿಯರ್ ಕೊಡುತ್ತಿದ್ದ 100 ವ್ಯಾಟಿನ ಪ್ಯಾನೆಲ್ ಮೋಡದಲ್ಲಿ 1.1 ಕೊಡುತ್ತದೆ. 'ವೋಲ್ಟ್ ಚೆನ್ನಾಗಿ ಬರ್ತದೆ, ಬ್ಯಾಟರಿ ಮಾತ್ರ ತುಂಬೋದಿಲ್ಲ' ಎಂಬ ಮಳೆಗಾಲದ ದೂರಿಗೆ ಅರ್ಧ ಉತ್ತರ ಇದೇ. ಬೆಟ್ಟದ ಮೇಲಿನ ಅಬ್ಬಿಯಿಂದ ಮನೆಗೆ ಪೈಪಿನಲ್ಲಿ ನೀರು ತಂದವರಿಗೆ ಇದು ಬೇಗ ಹೊಳೆಯುತ್ತದೆ. ನಲ್ಲಿ ಮುಚ್ಚಿದ್ದಾಗ ಪೈಪಿನಲ್ಲಿರುವ ಒತ್ತಡದಿಂದ, ತೆರೆದಾಗ ಕೊಡ ಎಷ್ಟು ಹೊತ್ತಿಗೆ ತುಂಬುತ್ತದೆಂದು ತಿಳಿಯುವುದಿಲ್ಲ.

ಕಂಟ್ರೋಲರ್ ಯಾವುದು ಎಂದು ಮೊದಲು ನೋಡಿ

ಪಿಡಬ್ಲ್ಯೂಎಂ ಕಂಟ್ರೋಲರ್ ಎಂದರೆ ವೇಗವಾಗಿ ಆನ್-ಆಫ್ ಆಗುವ ಒಂದು ಸ್ವಿಚ್, ಅಷ್ಟೇ. ಸೋಲಾರ್ ಯುಪಿಎಸ್ ಎಂದು ಬರುವ ಅನೇಕ ಇನ್ವರ್ಟರ್‌ಗಳ ಒಳಗಿರುವುದೂ ಇದೇ. ಚಾರ್ಜ್ ಆಗುತ್ತಿರುವಾಗ ಈ ಸ್ವಿಚ್ ಪ್ಯಾನೆಲ್ಲನ್ನು ನೇರ ಬ್ಯಾಟರಿಗೆ ಸೇರಿಸಿಬಿಡುತ್ತದೆ. ಬ್ಯಾಟರಿ 12.9 ಇದ್ದರೆ ಪ್ಯಾನೆಲ್ ತುದಿಯೂ 13.2 ಆಸುಪಾಸಿಗೆ ಬಂದು ಕೂರುತ್ತದೆ. ಬ್ಯಾಟರಿ ಏರಿದಂತೆ ಅದೂ ಏರುತ್ತದೆ. 14.4 ತಲುಪಿದ ಮೇಲೆ ಕಂಟ್ರೋಲರ್ ತುಂಡುತುಂಡಾಗಿ ಕರೆಂಟ್ ಬಿಡಲು ಶುರುಮಾಡುತ್ತದೆ, ಆಗ ಪ್ಯಾನೆಲ್ ಟರ್ಮಿನಲ್‌ನಲ್ಲಿ 14.4ಕ್ಕೂ 20ಕ್ಕೂ ನಡುವಿನ ಯಾವುದೋ ಅಂಕಿ ಕುಣಿಯುತ್ತದೆ. ಅದು ಸರಾಸರಿ. ಅದನ್ನು ಹಿಡಿದು ಏನನ್ನೂ ನಿರ್ಧರಿಸಬೇಡಿ. ಶುರುವಿನಲ್ಲಿ ಹೇಳಿದ 13.2ರ ಕಥೆ ಇಲ್ಲಿಗೆ ಮುಗಿಯಿತು: ಪಿಡಬ್ಲ್ಯೂಎಂ, ಅರ್ಧ ಖಾಲಿಯಾದ ಬ್ಯಾಟರಿ, ಒಳ್ಳೆ ಬಿಸಿಲು ಇದ್ದಾಗ 13.2 ಬಂದರೆ ಎಲ್ಲವೂ ಸರಿಯಿದೆ. ಬದಲಿಗೆ 19.7 ಬಂದರೇ ಚಿಂತೆ ಮಾಡಬೇಕು. ಪ್ಯಾನೆಲ್‌ನಿಂದ ಕರೆಂಟ್ ಯಾರೂ ತೆಗೆದುಕೊಳ್ಳುತ್ತಿಲ್ಲ ಎಂದು ಅದರ ಅರ್ಥ.

ಇಲ್ಲಿ ಇನ್ನೊಂದು ಸಾಮಾನ್ಯ ತಪ್ಪು ಅಡಗಿದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು 330 ವ್ಯಾಟಿನ 72 ಸೆಲ್ ಪ್ಯಾನೆಲ್ ತಂದು 12 ವೋಲ್ಟ್ ಬ್ಯಾಟರಿಗೆ ಪಿಡಬ್ಲ್ಯೂಎಂ ಮೂಲಕ ಹಾಕುತ್ತಾರೆ. ಕಂಟ್ರೋಲರ್ ಅಷ್ಟು ವೋಲ್ಟ್ ತಡೆಯುವಂಥದ್ದಾದರೆ ಕೆಡುವುದಿಲ್ಲ, ಬಳಸಬಹುದು. ಆದರೆ ಪ್ಯಾನೆಲ್ ಕೊಡುವುದು ತನ್ನ 8.8 ಆಂಪಿಯರ್ ಮಾತ್ರ. 13.2 ವೋಲ್ಟಿನಲ್ಲಿ ಅದು 116 ವ್ಯಾಟ್. ಮೂರನೇ ಎರಡು ಪಾಲು ಹಣ ಮಾಡಿನ ಮೇಲೇ ಉಳಿಯಿತು. ಇದಕ್ಕೆ ರಿಪೇರಿ ಇಲ್ಲ, ಎಂಪಿಪಿಟಿ ಎಂಬ ಇನ್ನೊಂದು ಬಗೆಯ ಕಂಟ್ರೋಲರ್ ಹಾಕಬೇಕು, ಇಲ್ಲವೇ ಬ್ಯಾಟರಿಯನ್ನು 24 ವೋಲ್ಟ್ ಮಾಡಬೇಕು.

ಎಂಪಿಪಿಟಿ ನಡೆದುಕೊಳ್ಳುವುದು ತದ್ವಿರುದ್ಧ. ಪ್ಯಾನೆಲ್ಲನ್ನು ಅದರ ವಿಎಂಪಿಯಲ್ಲೇ ನಿಲ್ಲಿಸಿ, ಹೆಚ್ಚುವರಿ ವೋಲ್ಟನ್ನು ಕರೆಂಟಾಗಿ ಬದಲಿಸಿ ಬ್ಯಾಟರಿಗೆ ಕೊಡುತ್ತದೆ. ಆದ್ದರಿಂದ ಚಾರ್ಜ್ ಆಗುವಾಗ 72 ಸೆಲ್ ಪ್ಯಾನೆಲ್ 32-36 ವೋಲ್ಟಿನಲ್ಲಿ ಇರಬೇಕು. ಬ್ಯಾಟರಿ ತುಂಬಿದ ಮೇಲೆ ಪ್ಯಾನೆಲ್ ವೋಲ್ಟೇಜ್ ಓಪನ್ ಕಡೆಗೆ ಏರಿ, ಕರೆಂಟ್ ಅರ್ಧ ಆಂಪಿಯರಿಗೆ ಇಳಿಯುತ್ತದೆ. ಇದನ್ನು ನೋಡಿ 'ಮಧ್ಯಾಹ್ನದ ಮೇಲೆ ಪ್ಯಾನೆಲ್ ಕೆಲಸ ಮಾಡೋದಿಲ್ಲ' ಎನ್ನುವವರಿದ್ದಾರೆ. ಇನ್ವರ್ಟರ್‌ಗೆ ಮಿಕ್ಸಿಯನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಹಾಕಿ ನೋಡಿ. ಕರೆಂಟ್ ತಕ್ಷಣ ಏರಿದರೆ ಯಾವ ದೋಷವೂ ಇಲ್ಲ. ಎಂಪಿಪಿಟಿಗೆ ಬ್ಯಾಟರಿಗಿಂತ ಕೆಲವು ವೋಲ್ಟ್ ಹೆಚ್ಚು ಸಿಗದಿದ್ದರೆ ಅದು ಎದ್ದೇಳುವುದೇ ಇಲ್ಲ. ವಿಕ್ಟ್ರಾನ್ ಕಂಪನಿಯ ಕಂಟ್ರೋಲರ್‌ಗಳು ಶುರುವಾಗಲು ಬ್ಯಾಟರಿಗಿಂತ 5 ವೋಲ್ಟ್ ಹೆಚ್ಚು ಬೇಕು, ಆಮೇಲೆ 1 ವೋಲ್ಟ್ ಹೆಚ್ಚಿದ್ದರೂ ಸಾಕು. 24 ವೋಲ್ಟಿನ ಬ್ಯಾಟರಿಗೆ 36 ಸೆಲ್‌ನ ಒಂದೇ ಪ್ಯಾನೆಲ್ ಹಾಕಿದರೆ ಯಾವ ಬಿಸಿಲಿಗೂ ಚಾರ್ಜ್ ಆಗುವುದಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಅಳೆಯುವ ಮೊದಲು

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು, ಆದರೆ ಅದರೊಳಗಿನ 9 ವೋಲ್ಟ್ ಸೆಲ್ ಹೊಸದಿರಲಿ. ಅಗ್ಗದ ಮೀಟರ್‌ಗಳು ಸೆಲ್ ಇಳಿದಾಗ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ. ಕರೆಂಟ್ ಅಳೆಯಲು ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಒಳ್ಳೆಯದು. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಇಲ್ಲಿ ಸೊನ್ನೆಯನ್ನೇ ತೋರಿಸುತ್ತದೆ. ಮಲ್ಟಿಮೀಟರಿನ 10 ಆಂಪಿಯರ್ ತೂತಿನಲ್ಲಿ ಸಣ್ಣ ಪ್ಯಾನೆಲ್‌ನ ಶಾರ್ಟ್ ಕರೆಂಟ್ ಅಳೆಯಬಹುದು, 540 ವ್ಯಾಟಿನದ್ದು 13 ಆಂಪಿಯರ್ ದಾಟುವುದರಿಂದ ಅದಕ್ಕೆ ಬೇಡ. ಅಳೆದಾದ ಮೇಲೆ ಕೆಂಪು ವಯರನ್ನು ವೋಲ್ಟ್ ತೂತಿಗೆ ಮರಳಿ ಚುಚ್ಚಲು ಮರೆತು ಬ್ಯಾಟರಿಗೆ ಹಿಡಿದರೆ ನೇರ ಶಾರ್ಟ್ ಆಗುತ್ತದೆ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ನೂರಾರು ಆಂಪಿಯರ್ ಕೊಡಬಲ್ಲದು. ಉಂಗುರ, ಬಳೆ ತೆಗೆದಿಟ್ಟೇ ಕೈ ಹಾಕಿ.

ಕಳಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಕಂಟ್ರೋಲರ್ ತಾನು 12 ವೋಲ್ಟಿನ ಮನೆಯಲ್ಲಿದ್ದೇನೋ 24ರಲ್ಲೋ ಎಂದು ತಿಳಿಯುವುದು ಬ್ಯಾಟರಿ ನೋಡಿ. ಮೊದಲೇ ಪ್ಯಾನೆಲ್‌ನ 20 ವೋಲ್ಟ್ ಕಂಡರೆ ಕೆಲವು 24 ಎಂದು ತಿಳಿದು, 12 ವೋಲ್ಟ್ ಬ್ಯಾಟರಿಯನ್ನು 28ಕ್ಕೆ ಏರಿಸಲು ಹೊರಡುತ್ತವೆ. ಕರೆಂಟ್ ಹರಿಯುತ್ತಿರುವಾಗ ಪ್ಯಾನೆಲ್ ವಯರಿನ ತುದಿಯಲ್ಲಿರುವ ಎಂಸಿ4 ಕನೆಕ್ಟರ್ ಎಳೆಯಬೇಡಿ, ಡಿಸಿ ಕಿಡಿ ಬೇಗ ಆರುವುದಿಲ್ಲ. ನಡುವೆ ಡಿಸಿ ಎಂಸಿಬಿ ಇದ್ದರೆ ಅದನ್ನು ಇಳಿಸಿ, ಇಲ್ಲದಿದ್ದರೆ ಪ್ಯಾನೆಲ್ ಮೇಲೆ ದಪ್ಪ ಕಂಬಳಿ ಹೊದಿಸಿ. ಪಾಚಿ ಕಟ್ಟಿದ ಹಂಚಿನ ಮೇಲೆ ಮಳೆಗಾಲದಲ್ಲಿ ಹತ್ತುವುದೇ ಬೇಡ. ಕೆಳಗೆ ಕಂಟ್ರೋಲರ್ ಬಳಿ ಮುಗಿಯುವ ಪರೀಕ್ಷೆಗಳು ಮೊದಲು ಮುಗಿಯಲಿ.

ಓಪನ್ ವೋಲ್ಟೇಜ್ ಏನು ಹೇಳುತ್ತದೆ

ಬೆಳಿಗ್ಗೆ 11ರಿಂದ 1ರೊಳಗೆ, ನೆರಳು ಸ್ಪಷ್ಟವಾಗಿ ಬೀಳುವ ಬಿಸಿಲಿನಲ್ಲಿ, ಪ್ಯಾನೆಲ್ ವಯರ್ ಎರಡನ್ನೂ ಕಂಟ್ರೋಲರ್‌ನಿಂದ ಬಿಚ್ಚಿ ಆ ತುದಿಯಲ್ಲೇ ಅಳೆಯಿರಿ.

ಸೊನ್ನೆ ಬಂದರೆ ವಯರ್ ಎಲ್ಲೋ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ. ಹಂಚಿನ ಕೆಳಗೆ ಇಲಿ ಕಡಿದಿರುವುದು, ಮಂಗ ಎಳೆದು ಕನೆಕ್ಟರ್ ಕಳಚಿರುವುದು, ಸಾಲಿನ ಫ್ಯೂಸ್ ಹೋಗಿರುವುದು ಇಲ್ಲಿನ ಮಾಮೂಲಿ ಕಾರಣಗಳು. ಎರಡು ಪ್ಯಾನೆಲ್ ಪ್ಯಾರಲಲ್ ಇದ್ದು ಒಂದರ ಪ್ಲಸ್-ಮೈನಸ್ ಅದಲುಬದಲಾಗಿದ್ದರೂ ಸೊನ್ನೆಗೆ ಹತ್ತಿರ ಬರುತ್ತದೆ. ಮೈನಸ್ ಚಿಹ್ನೆಯೊಂದಿಗೆ ಪೂರ್ತಿ ವೋಲ್ಟ್ ಬಂದರೆ ತುದಿಗಳು ಅದಲುಬದಲು. ವಯರಿನ ಬಣ್ಣ ನಂಬಬೇಡಿ, ಕೆಂಪು ಮುಗಿದಾಗ ಕಪ್ಪನ್ನೇ ಎರಡೂ ಕಡೆ ಎಳೆದ ಮನೆಗಳಿವೆ.

ಸರಿಯಾಗಿ ಅರ್ಧ ಅಥವಾ ಮೂರನೇ ಎರಡು ಭಾಗ ಬಂದರೆ, ಅಂದರೆ 20ರ ಬದಲು 10, ಅಥವಾ 42ರ ಬದಲು 28 ಬಂದರೆ, ಬೈಪಾಸ್ ಡಯೋಡ್ ಮೇಲೆ ಅನುಮಾನ ಹೋಗಬೇಕು. ಪ್ಯಾನೆಲ್ ಬೆನ್ನಿನ ಜಂಕ್ಷನ್ ಬಾಕ್ಸಿನಲ್ಲಿ 36 ಸೆಲ್‌ಗೆ ಸಾಮಾನ್ಯವಾಗಿ ಎರಡು, ದೊಡ್ಡದಕ್ಕೆ ಮೂರು ಡಯೋಡ್ ಇರುತ್ತವೆ. ಒಂದೊಂದೂ ತನ್ನ ಪಾಲಿನ ಸೆಲ್ ಸಾಲನ್ನು ಕಾಯುತ್ತದೆ. ಡಯೋಡ್ ಶಾರ್ಟ್ ಆದರೆ ಆ ಸಾಲು ಇದ್ದೂ ಇಲ್ಲದಂತೆ. ಮಳೆಗಾಲ ಹಿಡಿಯುವ ಮೊದಲಿನ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನ ಗುಡುಗು ಸಿಡಿಲಿನ ಸಂಜೆಗಳ ನಂತರ ಈ ದೋಷ ಹೆಚ್ಚು ಕಾಣುತ್ತದೆ. ಸಿಡಿಲು ಮಾಡಿಗೇ ಬಡಿಯಬೇಕೆಂದಿಲ್ಲ, ಹತ್ತಿರದ ತೆಂಗಿಗೆ ಬಡಿದರೂ ವಯರಿನಲ್ಲಿ ಏಳುವ ಸರ್ಜ್ ಸಾಕು.

ಬಾಕ್ಸ್ ತೆರೆಯುವಂಥದ್ದಾದರೆ ಪತ್ತೆ ಸುಲಭ. ಬಿಸಿಲಲ್ಲೇ ಒಂದೊಂದು ಡಯೋಡಿನ ಎರಡು ಕಾಲುಗಳ ನಡುವೆ ಅಳೆಯಿರಿ. ಚೆನ್ನಾಗಿರುವ ಕಡೆ 10 ವೋಲ್ಟ್ (72 ಸೆಲ್‌ನದ್ದಾದರೆ 14), ಕೆಟ್ಟ ಕಡೆ ಸೊನ್ನೆ. ಕೆಟ್ಟ ಡಯೋಡಿನ ಒಂದು ಕಾಲು ಬಿಡಿಸಿ ಮತ್ತೆ ಅಳೆಯಿರಿ. ವೋಲ್ಟ್ ಮರಳಿ ಬಂದರೆ ಡಯೋಡ್ ಹೋಗಿದೆ, ಬದಲಿಸಿದರೆ ಆಯಿತು. ಬರದಿದ್ದರೆ ಒಳಗೆ ಸೆಲ್‌ಗಳನ್ನು ಜೋಡಿಸುವ ರಿಬ್ಬನ್ ತುಂಡಾಗಿದೆ, ಆ ಪ್ಯಾನೆಲ್‌ಗೆ ಮನೆಯಲ್ಲಿ ಮದ್ದಿಲ್ಲ. ಸಣ್ಣ ಪ್ಯಾನೆಲ್‌ಗಳಿಗೆ 10ಎಸ್‌ಕ್ಯೂ045 ಎಂಬ ಶಾಟ್ಕಿ ಡಯೋಡ್ ನಡೆಯುತ್ತದೆ, ಬೆಳ್ಳಿ ಗೆರೆ ಇರುವ ಕಡೆ ಪ್ಲಸ್‌ಗೆ. ಬಾಕ್ಸ್ ಮತ್ತೆ ಮುಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಹಚ್ಚಬೇಡಿ, ಅದರ ಹುಳಿ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ. ಹೊಸ ಪ್ಯಾನೆಲ್‌ಗಳಲ್ಲಿ ಬಾಕ್ಸಿಗೆ ಗೋಂದು ತುಂಬಿ ಸೀಲ್ ಮಾಡಿರುತ್ತಾರೆ, ಅಂಥದ್ದನ್ನು ಕೆರೆಯದೆ ವಾರಂಟಿಗೆ ಕೊಡುವುದು ಲೇಸು.

ಓಪನ್‌ನಲ್ಲಿ ಪೂರ್ತಿ, ಲೋಡಿನಲ್ಲಿ ಸೊನ್ನೆ

ಕರಾವಳಿಯಲ್ಲಿ ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಇದು. ಮೀಟರ್ 20 ವೋಲ್ಟ್ ತೋರಿಸುತ್ತದೆ, ಕಂಟ್ರೋಲರ್‌ಗೆ ಜೋಡಿಸಿದರೆ ಚಾರ್ಜಿಂಗ್ ದೀಪವೂ ಉರಿಯುತ್ತದೆ, ಬ್ಯಾಟರಿ ಮಾತ್ರ ಏರುವುದಿಲ್ಲ. ಕಾರಣ ಸರಳ. ಮೀಟರ್ ತಾನು ಅಳೆಯುವ ವಯರಿನಿಂದ ಕರೆಂಟ್ ಎಳೆಯುವುದೇ ಇಲ್ಲ ಎನ್ನಬಹುದು. ಕರೆಂಟ್ ಇಲ್ಲದೆ ವೋಲ್ಟ್ ಇಳಿಯುವುದಿಲ್ಲ. ಹತ್ತು ಎಳೆಗಳಲ್ಲಿ ಒಂಬತ್ತು ಕೊಳೆತ ವಯರ್, ಉಪ್ಪು ಹಿಡಿದ ಕನೆಕ್ಟರ್ ಎಲ್ಲವೂ ಮೀಟರಿನ ಕಣ್ಣಿಗೆ ಹೊಚ್ಚ ಹೊಸದರಂತೆಯೇ.

ಆದ್ದರಿಂದ ಲೋಡ್ ಕೊಟ್ಟು ಅಳೆಯಬೇಕು. ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಸಿಗುವ 12 ವೋಲ್ಟ್ 60/55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಇದಕ್ಕೆ ಹೇಳಿ ಮಾಡಿಸಿದ್ದು, 5 ಆಂಪಿಯರಿನ ಸುತ್ತಮುತ್ತ ಎಳೆಯುತ್ತದೆ. 100 ವ್ಯಾಟಿನ ಪ್ಯಾನೆಲ್‌ನ ಕೆಳತುದಿಗೆ ಕಟ್ಟಿ ಅರ್ಧ ನಿಮಿಷ ಉರಿಸಿ, ಬಲ್ಬ್ ಉರಿಯುತ್ತಿರುವಾಗಲೇ ಅಳೆಯಿರಿ. 24 ವೋಲ್ಟಿನ ಪ್ಯಾನೆಲ್‌ಗೆ ಅಂಥ ಎರಡು ಬಲ್ಬ್ ಸೀರೀಸ್ ಸಾಲದು, ಮೂರು ಹಾಕಿ. ಒಳ್ಳೆ ಬಿಸಿಲಲ್ಲಿ ಬಲ್ಬ್ ಬೆಳ್ಳಗೆ ಉರಿದು ವೋಲ್ಟ್ 13-15ರಲ್ಲಿ ನಿಂತರೆ ಪ್ಯಾನೆಲ್, ವಯರ್ ಎರಡೂ ಪಾಸ್. ಕೆಂಪಗೆ ಮಿಣುಕಿ 3-4 ವೋಲ್ಟಿಗೆ ಕುಸಿದರೆ ದಾರಿಯಲ್ಲಿ ಎಲ್ಲೋ ಅಡ್ಡಿಯಿದೆ, ಇಲ್ಲವೇ ಪ್ಯಾನೆಲ್ ಮೇಲೆ ನೆರಳು ಬಿದ್ದಿದೆ.

ಅಡ್ಡಿ ಎಲ್ಲಿದೆ ಎಂದು ಹುಡುಕಲು ಅದೇ ಲೋಡ್ ಇಟ್ಟುಕೊಂಡು ಎರಡು ಕಡೆ ಅಳೆಯಿರಿ: ಮೇಲೆ ಪ್ಯಾನೆಲ್‌ನ ಜಂಕ್ಷನ್ ಬಾಕ್ಸಿನಲ್ಲಿ, ಕೆಳಗೆ ಕಂಟ್ರೋಲರ್‌ನಲ್ಲಿ. ಒಂದು ಲೆಕ್ಕ ನೋಡೋಣ. ಮೇಲೆ 14.9, ಕೆಳಗೆ 13.2, ಕರೆಂಟ್ 5.5 ಆಂಪಿಯರ್. ದಾರಿಯಲ್ಲಿ ಹೋದದ್ದು 1.7 ವೋಲ್ಟ್. ವಯರ್ 4 ಸ್ಕ್ವೇರ್ ಎಂಎಂ ತಾಮ್ರ, ದೂರ 15 ಮೀಟರ್, ಹೋಗಿ ಬರಲು 30 ಮೀಟರ್. ಒಂದು ಸ್ಕ್ವೇರ್ ಎಂಎಂ ತಾಮ್ರಕ್ಕೆ ಮೀಟರಿಗೆ 0.0175 ಓಮ್ ಹಿಡಿದು 30ರಿಂದ ಗುಣಿಸಿ, 4ರಿಂದ ಭಾಗಿಸಿದರೆ 0.13 ಓಮ್. 5.5 ಆಂಪಿಯರಿಗೆ ನ್ಯಾಯವಾಗಿ ಹೋಗಬೇಕಾದದ್ದು 0.7 ವೋಲ್ಟ್. ಉಳಿದ 1 ವೋಲ್ಟ್ ಯಾವುದೋ ಒಂದು ಜಾಯಿಂಟಿನಲ್ಲಿ ಹೋಗುತ್ತಿದೆ, ಅಲ್ಲಿ ಐದೂವರೆ ವ್ಯಾಟ್ ಶಾಖವಾಗುತ್ತಿದೆ. ಬೆರಳ ತುದಿಯಷ್ಟು ಜಾಗದಲ್ಲಿ ಅಷ್ಟು ಶಾಖ ದಿನವೂ ಎದ್ದರೆ ಕನೆಕ್ಟರಿನ ಪ್ಲಾಸ್ಟಿಕ್ ಕಂದಾಗಿ ಕರಗಲು ಬಹಳ ಕಾಲ ಬೇಡ.

ಈ 1.7 ವೋಲ್ಟಿನ ನಷ್ಟ ಬೆಳಿಗ್ಗೆ ಗೊತ್ತೇ ಆಗುವುದಿಲ್ಲ ಎಂಬುದು ಇದರ ಕುತಂತ್ರ. ಬ್ಯಾಟರಿ 13ರಲ್ಲಿದ್ದಾಗ ಪ್ಯಾನೆಲ್ 14.9ರಲ್ಲಿ ಕೂರುತ್ತದೆ, ಅದರ ವಿಎಂಪಿಗಿಂತ ಕೆಳಗೇ ಇರುವುದರಿಂದ ಕರೆಂಟ್ ಪೂರ್ತಿ ಹರಿಯುತ್ತದೆ. ಬ್ಯಾಟರಿ 14.4ಕ್ಕೆ ಏರಬೇಕಾದಾಗ ಪ್ಯಾನೆಲ್ 16 ದಾಟಬೇಕು, ಕಾದ ಪ್ಯಾನೆಲ್‌ಗೆ ಅಲ್ಲಿ ತ್ರಾಣವಿಲ್ಲ. ಬ್ಯಾಟರಿ 13.8ರ ಸುತ್ತ ಸಂಜೆಯವರೆಗೆ ನಿಂತುಬಿಡುತ್ತದೆ. ದಿನವೂ ಅರೆಹೊಟ್ಟೆ. ವರ್ಷದೊಳಗೆ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟಿ ಬ್ಯಾಟರಿ ಹೋಗುತ್ತದೆ, ಬೈಗುಳ ಬ್ಯಾಟರಿ ಕಂಪನಿಗೆ ಬೀಳುತ್ತದೆ.

ಯಾವ ಜಾಯಿಂಟ್ ಎಂದು ತಿಳಿಯಲು ಮೀಟರಿನ ಎರಡು ಕಡ್ಡಿಗಳನ್ನು ಒಂದೇ ವಯರಿನ ಮೇಲೆ, ಜಾಯಿಂಟಿನ ಆಚೆ ಈಚೆ ಹಿಡಿಯಿರಿ. ಲೋಡ್ ಇರುವಾಗ ಒಳ್ಳೆ ಜಾಯಿಂಟಿನಲ್ಲಿ ಕೆಲವೇ ಮಿಲಿವೋಲ್ಟ್ ಬರಬೇಕು. 0.2 ದಾಟಿದರೆ ಅದನ್ನು ಕತ್ತರಿಸಿ ಹೊಸದು ಹಾಕಿ. ಕಾರವಾರ, ಅಂಕೋಲಾದ ಕಡಲ ಬದಿಯಲ್ಲಿ ಎರಡು ವಯರ್ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲ ದಾಟಿದರೆ ಹೆಚ್ಚು. ಟೇಪ್ ಬಿಚ್ಚಿದರೆ ಹಸಿರು ಕಿಲುಬಿನ ಪುಡಿ ಉದುರುತ್ತದೆ, ಸಿಪ್ಪೆ ಸುಲಿದರೆ ಒಳಗೆ ಒಂದು ಗೇಣಿನವರೆಗೂ ತಾಮ್ರ ಕಪ್ಪಾಗಿರುತ್ತದೆ. ಕಪ್ಪು ತಾಮ್ರಕ್ಕೆ ಕ್ರಿಂಪ್ ಮಾಡಿದರೆ ಪ್ರಯೋಜನವಿಲ್ಲ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಸೋಲಾರ್ ಡಿಸಿ ಕೇಬಲ್‌ನ ಎಳೆಗಳಿಗೆ ತವರದ ಲೇಪ ಇರುತ್ತದೆ, ಉಪ್ಪುಗಾಳಿಗೆ ಅದೇ ಸರಿ. ಮನೆ ವಯರಿಂಗಿನ ಪಿವಿಸಿ ವಯರ್ ಬಿಸಿಲಿಗೆ ಬಿರುಕು ಬಿಡುತ್ತದೆ. ಎಂಸಿ4ಗೆ ಅದರದೇ ಕ್ರಿಂಪಿಂಗ್ ಉಪಕರಣ ಬೇಕು, ಪಕ್ಕಡದಲ್ಲಿ ಒತ್ತಿದ್ದು ಕೆಲ ತಿಂಗಳಲ್ಲಿ ಸಡಿಲವಾಗುತ್ತದೆ. ಒಂದು ಕಂಪನಿಯ ಗಂಡು, ಇನ್ನೊಂದರ ಹೆಣ್ಣು ಸೇರಿಸಿದರೆ ಕ್ಲಿಕ್ ಎನ್ನಬಹುದು, ಒಳಗೆ ಹಿಡಿತ ಮಾತ್ರ ಕಚ್ಚಾ. ಕನೆಕ್ಟರ್ ಹಂಚಿನ ಮೇಲೆ ಬಿದ್ದಿರದೆ ಪ್ಯಾನೆಲ್ ಕೆಳಗೆ ಕಟ್ಟಿರಲಿ, ಪ್ಯಾನೆಲ್‌ನಿಂದ ಬರುವ ವಯರ್ ಸ್ವಲ್ಪ ಜೋತುಬಿದ್ದು ಮೇಲೇರಲಿ, ನೀರು ಆ ಜೋಲಿನಿಂದಲೇ ತೊಟ್ಟಿಕ್ಕಿ ಹೋಗುತ್ತದೆ.

ನೆರಳು

ತೋಟದ ಮನೆಗಳ ದೊಡ್ಡ ಕಾಟ ಇದು. 36 ಸೆಲ್ ಪ್ಯಾನೆಲ್‌ನ ಒಂದೇ ಸೆಲ್ ಮೇಲೆ ಅಡಿಕೆ ಹಾಳೆ ಬಿದ್ದರೆ ಓಪನ್ ವೋಲ್ಟೇಜ್ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಲೋಡ್ ಬಂದ ಕೂಡಲೇ ಆ ಸೆಲ್ ಇರುವ ಅರ್ಧವನ್ನು ಡಯೋಡ್ ಬದಿಗೆ ಸರಿಸುತ್ತದೆ. ಉಳಿದರ್ಧ ಕೊಡುವುದು 8-9 ವೋಲ್ಟ್. ಬ್ಯಾಟರಿಯೇ 12 ಇರುವಾಗ 9 ವೋಲ್ಟಿನಿಂದ ಚಾರ್ಜ್ ಆಗುವುದುಂಟೆ? ಪ್ಯಾನೆಲ್‌ನ ಮೂವತ್ತಾರನೇ ಒಂದು ಭಾಗ ಮುಚ್ಚಿದ್ದಕ್ಕೆ ಹೆಚ್ಚುಕಡಿಮೆ ಪೂರ್ತಿ ಕರೆಂಟೇ ಹೋಯಿತು. ಕಾಡುಹಂದಿಗಾಗಿ ಗದ್ದೆ ಬದಿಗೆ ಹಾಕಿದ ಸೋಲಾರ್ ಬೇಲಿಯ ಸಣ್ಣ ಪ್ಯಾನೆಲ್‌ಗಳು ಮರದಡಿ ಸತ್ತಂತಿರುವುದಕ್ಕೆ ಇದೇ ಕಾರಣ, ಕಂಬವನ್ನು ಎರಡು ಮಾರು ಆಚೆ ನೆಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ. ಚೌಕಟ್ಟಿನ ಕೆಳ ಅಂಚಿನಲ್ಲಿ ಕಟ್ಟುವ ಪಾಚಿ, ಮಣ್ಣಿನ ಪಟ್ಟಿಯೂ ಕೊನೆಯ ಸಾಲಿನ ಸೆಲ್‌ಗಳಿಗೆ ನೆರಳೇ.

ಇನ್ನೊಂದು ಸಂಗತಿ ಗಮನಕ್ಕೆ ಬರುವುದು ಕಡಿಮೆ. ಶಿರಸಿ, ಕಾರವಾರ ಇರುವುದು 14.5ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಉತ್ತರಕ್ಕೆ ಸರಿದಿರುತ್ತಾನೆ. ಜನವರಿಯಲ್ಲಿ ಪ್ಯಾನೆಲ್ ಕೂರಿಸುವಾಗ ತೊಂದರೆ ಕೊಡದ ಉತ್ತರ ಬದಿಯ ಹಲಸಿನ ಮರ ಮೇ ತಿಂಗಳ ಬೆಳಿಗ್ಗೆ, ಸಂಜೆ ನೆರಳು ಬೀಳಿಸುತ್ತದೆ. ಜಾಗ ಆರಿಸುವಾಗ ಎರಡೂ ಕಡೆ ನೋಡಿ.

ಮಳೆಗಾಲಕ್ಕೆ ಮಾತ್ರ ಕಾಣುವ ಸೋರಿಕೆ

ಬೇಸಿಗೆಯಲ್ಲಿ ಸರಿಯಿದ್ದು ಜೂನ್ ಹಿಡಿದ ಕೂಡಲೇ ವೋಲ್ಟ್ ತೂಗಾಡಿದರೆ, ಚೌಕಟ್ಟು ಮುಟ್ಟಿದಾಗ ಜುಮ್ ಎಂದರೆ, ನಿರೋಧಕ ಹೊದಿಕೆ ಎಲ್ಲೋ ಒಡೆದು ಒದ್ದೆಯಾಗಿದೆ. ಪ್ಯಾನೆಲ್ ವಯರ್ ಎರಡನ್ನೂ ಕಂಟ್ರೋಲರ್‌ನಿಂದ ಬಿಚ್ಚಿ, ಪ್ಲಸ್‌ನಿಂದ ಚೌಕಟ್ಟಿಗೆ, ಮೈನಸ್‌ನಿಂದ ಚೌಕಟ್ಟಿಗೆ ಬೇರೆಬೇರೆ ಅಳೆಯಿರಿ. ಚೆನ್ನಾಗಿದ್ದರೆ ಯಾವುದೋ ಅಂಕಿ ಬಂದು ಮೆಲ್ಲಗೆ ಸೊನ್ನೆಗೆ ಇಳಿಯುತ್ತದೆ. ಅಂಕಿ ಗಟ್ಟಿಯಾಗಿ ನಿಂತರೆ ಸೋರಿಕೆ ಇದೆ. ಮೈನಸ್‌ನಿಂದ ಚೌಕಟ್ಟಿಗೆ ಪೂರ್ತಿ 20, ಪ್ಲಸ್‌ನಿಂದ ಸೊನ್ನೆ ಬಂದರೆ ಪ್ಲಸ್ ವಯರ್ ಎಲ್ಲೋ ಕಬ್ಬಿಣಕ್ಕೆ ತಾಗಿದೆ. 8 ಮತ್ತು 12 ಎಂದು ಹಂಚಿಕೊಂಡರೆ ಸೋರಿಕೆ ಪ್ಯಾನೆಲ್ ಒಳಗೇ.

ಸೀರೀಸ್ ಹಾಕುವಾಗ 100 ವೋಲ್ಟಿನ ಗೆರೆ

540 ವ್ಯಾಟಿನ ಎರಡು ಪ್ಯಾನೆಲ್ ಸೀರೀಸ್ ಮಾಡಿದರೆ 49.5ರ ಎರಡರಷ್ಟು, 99 ವೋಲ್ಟ್. ಕಂಟ್ರೋಲರ್ ಮೇಲೆ ಗರಿಷ್ಠ 100 ಎಂದಿದೆ, ಒಂದು ವೋಲ್ಟ್ ಉಳಿಯಿತಲ್ಲ ಎಂದು ಜೋಡಿಸಿಬಿಡುತ್ತಾರೆ. ಬಿಸಿಗೆ ಇಳಿಯುವ ವೋಲ್ಟ್ ಚಳಿಗೆ ಏರುತ್ತದೆ. ಡಿಸೆಂಬರ್‌ನಲ್ಲಿ ಶಿರಸಿಯ ಬೆಳಗು 15 ಡಿಗ್ರಿಗೆ ಇಳಿಯುವುದು ಹೊಸದೇನಲ್ಲ. ಮಂಜು ಸರಿದು ಮೊದಲ ಬಿಸಿಲು ತಣ್ಣನೆಯ ಪ್ಯಾನೆಲ್ ಮೇಲೆ ಬಿದ್ದಾಗ 25ಕ್ಕಿಂತ 10 ಡಿಗ್ರಿ ಕಡಿಮೆ, ಶೇ 3ರಷ್ಟು ಹೆಚ್ಚು, ಅಂದರೆ 102 ವೋಲ್ಟಿನ ಹತ್ತಿರ. ಕರೆಂಟಿನ ಮಿತಿ ಮೀರಿದರೆ ಎಂಪಿಪಿಟಿ ತಾನೇ ಸಂಭಾಳಿಸುತ್ತದೆ, ವೋಲ್ಟಿನ ಮಿತಿ ಮೀರಿದರೆ ಒಳಗೆ ಸ್ವಿಚ್ಚಿನ ಕೆಲಸ ಮಾಡುವ ಮಾಸ್ಫೆಟ್ ಕ್ಷಣದಲ್ಲಿ ಸಾಯುತ್ತದೆ, ವಾರಂಟಿಯೂ ಸಿಗುವುದಿಲ್ಲ. ಇಂಥ ಕಡೆ 150 ವೋಲ್ಟಿನ ಕಂಟ್ರೋಲರ್ ಬೇಕು, ಇಲ್ಲವೇ ಪ್ಯಾರಲಲ್ ಮಾಡಬೇಕು.

ಪ್ಯಾನೆಲ್ ಸರಿ, ವಯರ್ ಸರಿ ಎಂದಾದ ಮೇಲೆ

ಬಿಸಿಲಲ್ಲಿ ಪ್ಯಾನೆಲ್ ಟರ್ಮಿನಲ್ 19-20ರಲ್ಲಿ ನಿಂತು, ಬ್ಯಾಟರಿಯ ಮೇಲೆಯೇ ಅಳೆದಾಗ 12.3 ಬಂದರೆ ಕರೆಂಟ್ ಕಂಟ್ರೋಲರ್ ದಾಟುತ್ತಿಲ್ಲ. ಕಂಟ್ರೋಲರ್‌ನ ಬ್ಯಾಟರಿ ಟರ್ಮಿನಲ್‌ನಲ್ಲೂ ಅಳೆಯಿರಿ. ಅಲ್ಲಿ ಬೇರೆ ಅಂಕಿ ಬಂದರೆ ನಡುವಿನ ಫ್ಯೂಸ್ ಅಥವಾ ಬ್ಯಾಟರಿ ಕ್ಲ್ಯಾಂಪ್ ದೋಷ. ಲಿಥಿಯಂ ಬ್ಯಾಟರಿಯಾದರೆ ಅದರೊಳಗಿನ ಬಿಎಂಎಸ್ ಎಂಬ ರಕ್ಷಣಾ ಸರ್ಕ್ಯೂಟ್ ಕಡಿತ ಮಾಡಿರಬಹುದು. ಎರಡೂ ಕಡೆ ಒಂದೇ ಅಂಕಿ ಬಂದರೆ ಬ್ಯಾಟರಿ ಯಾವ ಜಾತಿಯದೆಂಬ ಸೆಟ್ಟಿಂಗ್ ನೋಡಿ, ಅದೂ ಸರಿಯಿದ್ದರೆ ಕಂಟ್ರೋಲರ್ ಹೋಗಿದೆ. ಬ್ಯಾಟರಿ ಹತ್ತೇ ನಿಮಿಷದಲ್ಲಿ 14.4ಕ್ಕೆ ಹಾರಿ, ಬಿಸಿಲು ಹೋದ ಕೂಡಲೇ 12ಕ್ಕೆ ಬೀಳುತ್ತಿದ್ದರೆ ಮುಪ್ಪು ಬಂದದ್ದು ಬ್ಯಾಟರಿಗೆ. ತುಂಬಿತೆಂದು ನಂಬಿ ಕಂಟ್ರೋಲರ್ ಕೈ ಬಿಟ್ಟಿರುತ್ತದೆ.

ಕಂಟ್ರೋಲರ್‌ನ ಮಾಸ್ಫೆಟ್ ಶಾರ್ಟ್ ಆಗಿದೆಯೇ ಎಂದು ರಾತ್ರಿ ತಿಳಿಯಬಹುದು. ಪ್ಯಾನೆಲ್ ವಯರ್ ಬಿಚ್ಚಿ, ಬ್ಯಾಟರಿ ಮಾತ್ರ ಇಟ್ಟು, ಖಾಲಿ ಪ್ಯಾನೆಲ್ ಟರ್ಮಿನಲ್‌ಗೆ 12 ವೋಲ್ಟಿನ ಸಣ್ಣ ಇಂಡಿಕೇಟರ್ ಬಲ್ಬ್ ಹಿಡಿಯಿರಿ. ಬರೀ ಮೀಟರ್ ಸಾಲದು, ಒಳಗಿನ ಸಣ್ಣ ಸೋರಿಕೆಗೂ ಅದು ಕೆಲವು ವೋಲ್ಟ್ ತೋರಿಸಿ ಹೆದರಿಸುತ್ತದೆ. ಬಲ್ಬ್ ಉರಿದರೆ ಸ್ವಿಚ್ ಶಾಶ್ವತವಾಗಿ ಆನ್ ಆಗಿದೆ: ಹಗಲು ಬ್ಯಾಟರಿ 15-16ಕ್ಕೆ ಏರಿ ನೀರು ಕುದಿಯುತ್ತದೆ, ರಾತ್ರಿ ಬ್ಯಾಟರಿಯಿಂದ ಪ್ಯಾನೆಲ್‌ಗೆ ಕರೆಂಟ್ ಮರಳಿ ಹೋಗುತ್ತದೆ. ಕಂಟ್ರೋಲರ್ ಬದಲಿಸುವವರೆಗೆ ಪ್ಯಾನೆಲ್ ಬಿಚ್ಚಿಡಿ.

ಬದಲಿಸುವಾಗ ಒಂದು ಎಚ್ಚರ. ಸಣ್ಣ ಪಿಡಬ್ಲ್ಯೂಎಂಗಳಲ್ಲಿ ಹೆಚ್ಚಿನವು ಕಾಮನ್ ಪಾಸಿಟಿವ್: ಪ್ಲಸ್ ಎಲ್ಲವೂ ಒಳಗೆ ಒಂದೇ, ಸ್ವಿಚ್ ಇರುವುದು ಮೈನಸ್‌ನಲ್ಲಿ. ಹಳೆ ವಯರಿಂಗಿನಲ್ಲಿ ಪ್ಯಾನೆಲ್ ಮೈನಸ್ಸನ್ನೂ ಬ್ಯಾಟರಿ ಮೈನಸ್ಸನ್ನೂ ಒಂದೇ ಅರ್ಥ್‌ಗೆ ಕಟ್ಟಿದ್ದರೆ ಕರೆಂಟ್ ಕಂಟ್ರೋಲರ್‌ನ ಸ್ವಿಚ್ ಬಿಟ್ಟು ಅರ್ಥ್ ವಯರಿನಲ್ಲೇ ಸುತ್ತಿ ಹೋಗುತ್ತದೆ, ಹೊಸ ಕಂಟ್ರೋಲರ್ ಹಾಕಿದರೂ ಬ್ಯಾಟರಿ ಕುದಿಯುವುದು ನಿಲ್ಲುವುದಿಲ್ಲ. ಅರ್ಥ್ ಮಾಡಬೇಕಾದದ್ದು ಪ್ಯಾನೆಲ್‌ನ ಚೌಕಟ್ಟನ್ನು. ಮೈನಸ್ ವಯರ್ ಅರ್ಥ್‌ಗೆ ಸೇರಿದ್ದರೆ ಹೊಸದನ್ನು ಕೂರಿಸುವ ಮೊದಲು ಅದನ್ನು ಬಿಡಿಸಿ, ಪ್ಯಾನೆಲ್ ಮೈನಸ್‌ಗೂ ಬ್ಯಾಟರಿ ಮೈನಸ್‌ಗೂ ನಡುವೆ ಕಂಟಿನ್ಯೂಟಿ (ನೇರ ಸಂಪರ್ಕ) ಇಲ್ಲವೆಂದು ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಿ.